ನಾಗವಲ್ಲಿಗೆ ಹೆದರಿದ ಮಕ್ಕಳು

ಮಂಚದ ಕೆಳಗೆ ಯಾರೂ ಇಲ್ಲವೆಂದು ಬುದ್ಧಿಗೆ ಗೊತ್ತು. ಆದರೆ ಕಾಲಿಗೆ ಗೊತ್ತಿಲ್ಲ! ದೀಪ ಆರಿಸಿದ ಮರುಕ್ಷಣವೇ ಅದು ತಾನಾಗಿ ಹೊದಿಕೆಯೊಳಗೆ ಸೇರಿಕೊಳ್ಳುತ್ತದೆ. ಎಂದೋ ಚಿಕ್ಕಂದಿನಲ್ಲಿ ನೋಡಿದ ಸಿನಿಮಾದ ಕತೆ ಮರೆತುಹೋಗಿರುತ್ತದೆ, ನಾಯಕನ ಹೆಸರೂ ಮರೆತಿರುತ್ತದೆ. ಹೆದರಿಸಿದ ಆ ಒಂದು ಮುಖ ಮಾತ್ರ ನೆನಪಿನಲ್ಲಿ ಉಳಿದಿರುತ್ತದೆ.

ಇಂಥದೊಂದು ಮುಖ ಪ್ರತಿ ತಲೆಮಾರಿಗೂ ಇದೆ. ಈಗ ಇಪ್ಪತ್ತೈದು ಮೂವತ್ತರ ಆಸುಪಾಸಿನಲ್ಲಿರುವ ಎಷ್ಟೋ ಕನ್ನಡಿಗರಿಗೆ ಅದು ನಾಗವಲ್ಲಿಯ ಮುಖ. ಪಿ. ವಾಸು ನಿರ್ದೇಶಿಸಿ, ದ್ವಾರಕೀಶ್ ನಿರ್ಮಿಸಿದ ‘ಆಪ್ತಮಿತ್ರ’ 2004ರ ಆಗಸ್ಟ್ 27ರಂದು ತೆರೆಗೆ ಬಂತು. ವಿಷ್ಣುವರ್ಧನ್, ಸೌಂದರ್ಯ, ರಮೇಶ್ ಅರವಿಂದ್, ಪ್ರೇಮಾ, ಅವಿನಾಶ್ ಅಭಿನಯದ ಈ ಚಿತ್ರ ತಿಂಗಳುಗಟ್ಟಲೆ ಓಡಿತು. ಮನೆಮಂದಿಯೆಲ್ಲ ಮಕ್ಕಳ ಕೈ ಹಿಡಿದುಕೊಂಡು ಹೋದರು. ಸಾಧು ಸ್ವಭಾವದ ಗಂಗಾ ಕಣ್ಣರಳಿಸಿ, ಒಂದೇ ಕೈಯಲ್ಲಿ ಮಂಚ ಎತ್ತಿದಾಗ ದೊಡ್ಡವರು ಚಪ್ಪಾಳೆ ತಟ್ಟಿದರು. ಮಕ್ಕಳು ಸೀಟಿನಡಿ ಸೇರಿಕೊಂಡರು.

ನಾಡಿನ ಉಳಿದೆಡೆ ಇದು ಬರೀ ಸಿನಿಮಾದ ಹೆದರಿಕೆ. ಆದರೆ ಯಲಹಂಕ, ಹೆಬ್ಬಾಳ, ಜಕ್ಕೂರು, ಆರ್.ಟಿ. ನಗರದ ಮಕ್ಕಳಿಗೆ ಆ ಹೆದರಿಕೆಗೆ ಒಂದು ವಿಳಾಸವೂ ಇತ್ತು.

ಜಕ್ಕೂರಿನಿಂದ ಹಾರಿದ ವಿಮಾನ

2004ರ ಏಪ್ರಿಲ್ 17. ಲೋಕಸಭಾ ಚುನಾವಣೆಯ ಕಾಲ. ಪ್ರಚಾರಕ್ಕಾಗಿ ಆಗಿನ ಆಂಧ್ರಪ್ರದೇಶದ ಕರೀಂನಗರಕ್ಕೆ ಹೊರಟಿದ್ದ ಸೌಂದರ್ಯ, ಜಕ್ಕೂರಿನ ವಿಮಾನ ನಿಲ್ದಾಣದಲ್ಲಿ ಪುಟ್ಟ ವಿಮಾನವೊಂದನ್ನು ಹತ್ತಿದರು. ಜೊತೆಯಲ್ಲಿ ಅಣ್ಣ ಅಮರನಾಥ್ ಇದ್ದರು. ನೆಲ ಬಿಟ್ಟ ಸ್ವಲ್ಪ ಹೊತ್ತಿಗೇ ವಿಮಾನ ಸಮೀಪದ ಕೃಷಿ ವಿಶ್ವವಿದ್ಯಾಲಯದ ಜಿ.ಕೆ.ವಿ.ಕೆ. ಆವರಣದಲ್ಲಿ ಬಿದ್ದು ಉರಿದುಹೋಯಿತು. ವಿಮಾನದಲ್ಲಿದ್ದ ನಾಲ್ವರೂ ಉಳಿಯಲಿಲ್ಲ.

ಜಿ.ಕೆ.ವಿ.ಕೆ. ಎಂದರೆ ಈ ಭಾಗದ ಮಕ್ಕಳಿಗೆ ಹೊಸ ಜಾಗವಲ್ಲ. ಬಳ್ಳಾರಿ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ದಿನವೂ ಕಾಣುವ ಹಸಿರು ಅದು. ಕೃಷಿ ಮೇಳಕ್ಕೆ ಶಾಲೆಯಿಂದಲೇ ಕರೆದುಕೊಂಡು ಹೋಗುವ ಸ್ಥಳ. ವಿಮಾನವೂ ಹೊಸದಲ್ಲ. ಒಂದು ಕಡೆ 1948ರಿಂದ ಇರುವ ಜಕ್ಕೂರಿನ ವಿಮಾನ ನಿಲ್ದಾಣ, ಇನ್ನೊಂದು ಕಡೆ ಯಲಹಂಕದ ವಾಯುನೆಲೆ, 1996ರಿಂದ ಅಲ್ಲಿ ನಡೆಯುತ್ತ ಬಂದಿರುವ ವೈಮಾನಿಕ ಪ್ರದರ್ಶನ. ತಲೆಯ ಮೇಲೆ ವಿಮಾನದ ಸದ್ದು ಕೇಳಿಸಿದರೆ ಅಂಗಳಕ್ಕೆ ಓಡಿಬಂದು ಟಾಟಾ ಮಾಡುವುದು ಇಲ್ಲಿನ ಮಕ್ಕಳ ಆಟಗಳಲ್ಲಿ ಒಂದು.

ಅಂಥ ಪರಿಚಿತ ಆಕಾಶದಿಂದ, ಪರಿಚಿತ ನೆಲಕ್ಕೆ, ಪರಿಚಿತ ಮುಖವೊಂದು ಬಿದ್ದುಹೋಗಿತ್ತು. ನಾಲ್ಕು ತಿಂಗಳ ನಂತರ ಅದೇ ಮುಖ ತೆರೆಯ ಮೇಲೆ ಕುಂಕುಮ ಮೆತ್ತಿಕೊಂಡು, ಕೂದಲು ಬಿಚ್ಚಿಕೊಂಡು ಬಂದು ನಿಂತಿತು! ಸತ್ತವರು ತೆರೆಯ ಮೇಲೆ ಓಡಾಡುವುದು ಹೇಗೆಂದು ಆರು ವರ್ಷದ ಮಗುವಿಗೆ ಯಾರು ಬಿಡಿಸಿ ಹೇಳಿದರು? ಕತೆಯಲ್ಲಿ ಸತ್ತ ನರ್ತಕಿ ಬದುಕಿರುವವಳ ಮೈಮೇಲೆ ಬರುತ್ತಾಳೆ. ಬದುಕಿನಲ್ಲಿ ಸತ್ತ ನಟಿ ಕತೆಯೊಳಗೆ ಬಂದಿದ್ದಾರೆ. ಎರಡೂ ಕಲಸಿಹೋದವು.

ಎರಡನೆಯ ಸಾವು, ಮೊದಲನೆಯ ಗಾಳಿಮಾತು

ಕಲಸಿಹೋದದ್ದು ಮಕ್ಕಳ ತಲೆಯಲ್ಲಿ ಮಾತ್ರವಲ್ಲ. ‘ನಾಗವಲ್ಲಿಯ ಪಾತ್ರ ಮಾಡಿದ್ದಕ್ಕೇ ಹೀಗಾಯಿತಂತೆ’ ಎಂಬ ಮಾತನ್ನು ದೊಡ್ಡವರೂ ಆಡಿದರು. ಐದು ವರ್ಷಗಳ ಬಳಿಕ ಅದಕ್ಕೆ ಇನ್ನೊಂದು ಕೊಂಡಿ ಸಿಕ್ಕಿತು. ನಾಗವಲ್ಲಿಯ ಕತೆಯನ್ನೇ ಮುಂದುವರಿಸಿದ ‘ಆಪ್ತರಕ್ಷಕ’ ಬಿಡುಗಡೆಯಾಗುವ ಮೊದಲೇ, 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ಮೈಸೂರಿನಲ್ಲಿ ಹೃದಯಾಘಾತದಿಂದ ನಿಧನರಾದರು. ಅವರಿಗೆ 59 ವರ್ಷ. ಚಿತ್ರ 2010ರ ಫೆಬ್ರುವರಿ 19ರಂದು ತೆರೆಕಂಡಿತು. ಆ ಚಿತ್ರದಲ್ಲಿ ನಾಗವಲ್ಲಿಯ ಒಂದು ಚಿತ್ರಪಟ ಮನೆಯೊಂದಕ್ಕೆ ಬಂದು ಕಷ್ಟ ತರುತ್ತದೆ. ಇನ್ನು ಕೇಳಬೇಕೆ? ‘ನಾಗವಲ್ಲಿಯ ಶಾಪ’ ಬಾಯಿಂದ ಬಾಯಿಗೆ ಹರಡಿತು. ಅಮ್ಮಂದಿರು ಕತೆ ಹೇಳಿದರು, ಶಾಲೆಯ ವ್ಯಾನಿನಲ್ಲಿ ಮಕ್ಕಳು ಅದಕ್ಕೆ ಉಪ್ಪುಖಾರ ಹಚ್ಚಿದರು.

ಹಿರಿಯರು ಇಂಥದಕ್ಕೊಂದು ಹೆಸರಿಟ್ಟಿದ್ದಾರೆ: ಕಾಕತಾಳ ನ್ಯಾಯ. ಕಾಗೆ ಬಂದು ತಾಳೆಮರದ ಮೇಲೆ ಕೂರುವುದಕ್ಕೂ ಹಣ್ಣು ಉದುರುವುದಕ್ಕೂ ಸರಿಹೋಯಿತು. ನೋಡಿದವರು ‘ಕಾಗೆಯೇ ಬೀಳಿಸಿತು’ ಎಂದರು. ಹಣ್ಣು ಬೀಳದಿದ್ದಾಗ ಎಷ್ಟು ಸಲ ಕಾಗೆ ಬಂದು ಕೂತಿತ್ತು ಎಂಬ ಲೆಕ್ಕವನ್ನು ಯಾರೂ ಇಡಲಿಲ್ಲ.

ಆ ಲೆಕ್ಕವನ್ನು ವಿದ್ಯಾರ್ಥಿಗಳು ಈಗಲೂ ಇಡಬಹುದು. ‘ಆಪ್ತಮಿತ್ರ’ದ ಮೂಲ 1993ರ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’. ಅದರಲ್ಲಿ ನಾಗವಲ್ಲಿಯಾದ ಶೋಭನಾ ಆ ಪಾತ್ರಕ್ಕಾಗಿಯೇ ರಾಷ್ಟ್ರಪ್ರಶಸ್ತಿ ಪಡೆದರು; 2025ರಲ್ಲಿ ಪದ್ಮಭೂಷಣಕ್ಕೂ ಪಾತ್ರರಾದರು. ಅದರ ನಾಯಕ ಮೋಹನ್‌ಲಾಲ್ ಅವರಿಗೆ 2025ರಲ್ಲಿ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದಿತು. ತಮಿಳಿನಲ್ಲಿ ಇದೇ ಪಾತ್ರ ಮಾಡಿದ ಜ್ಯೋತಿಕಾ, ಹಿಂದಿಯಲ್ಲಿ ಮಾಡಿದ ವಿದ್ಯಾ ಬಾಲನ್ ಆಮೇಲೆ ವರ್ಷಗಟ್ಟಲೆ ನಟಿಸಿದರು. ಪಿ. ವಾಸು ಅಂತೂ ಈ ಕತೆಯನ್ನು ಮತ್ತೆ ಮತ್ತೆ ಮುಟ್ಟಿದರು. 2023ರಲ್ಲಿ ‘ಚಂದ್ರಮುಖಿ 2’ ಕೂಡ ತೆಗೆದರು. ಶಾಪವಿದ್ದಿದ್ದರೆ ಮೊದಲು ತಟ್ಟಬೇಕಾದದ್ದು ಇವರಿಗಲ್ಲವೆ? ಎರಡು ಸಾವನ್ನು ಎಣಿಸಿದ ಗಾಳಿಮಾತು ಇಷ್ಟೊಂದು ಬದುಕುಗಳನ್ನು ಎಣಿಸಲೇ ಇಲ್ಲ.

ಊರಿಗೊಂದು ಭಾಷೆ ಆಡುವ ದೆವ್ವ

ಇನ್ನೊಂದು ಸ್ವಾರಸ್ಯವಿದೆ. ಮಲಯಾಳಂನ ನಾಗವಲ್ಲಿ ತಂಜಾವೂರಿನವಳು, ತಮಿಳು ಮಾತಾಡುತ್ತಾಳೆ. ಕನ್ನಡದ ನಾಗವಲ್ಲಿಯದು ತೆಲುಗು. ತಮಿಳಿನ ‘ಚಂದ್ರಮುಖಿ’ಯಲ್ಲೂ (2005) ತೆಲುಗು. ಹಿಂದಿಯ ‘ಭೂಲ್ ಭುಲಯ್ಯಾ’ದಲ್ಲಿ (2007) ಅವಳ ಹೆಸರು ಮಂಜುಲಿಕಾ, ಆಡುವುದು ಬಂಗಾಳಿ. ಎಲ್ಲಿಗೆ ಹೋದರೂ ದೆವ್ವ ಮಾತ್ರ ಪರಭಾಷೆಯದು!

ಇದು ಚಿತ್ರಕತೆಯ ಜಾಣತನ. ಮನೆಯಲ್ಲಿ ದಿನವೂ ಕೇಳುವ ದನಿ ಇದ್ದಕ್ಕಿದ್ದಂತೆ ಅರ್ಥವಾಗದ ಭಾಷೆಗೆ ಹೊರಳಿದರೆ ಕೇಳುವವರ ಮೈ ಜುಮ್ಮೆನ್ನುತ್ತದೆ. ಮೂಲ ಚಿತ್ರದಲ್ಲಂತೂ ಗಂಗೆಯ ಮಲಯಾಳಕ್ಕೆ ಒಬ್ಬರು, ನಾಗವಲ್ಲಿಯ ತಮಿಳಿಗೆ ಇನ್ನೊಬ್ಬರು ಕಂಠದಾನ ಮಾಡಿದ್ದರು. ಅಂದರೆ ‘ಮೈಮೇಲೆ ಬಂದ’ ಆ ದನಿ ಡಬ್ಬಿಂಗ್ ಕೋಣೆಯಲ್ಲಿ ಮೈಕಿನ ಮುಂದೆ ನಿಂತ ಬೇರೊಬ್ಬ ಕಲಾವಿದೆಯದು.

ಯಲಹಂಕ, ದೇವನಹಳ್ಳಿ ಕಡೆ ಈ ತಂತ್ರ ಸ್ವಲ್ಪ ಕೈಕೊಟ್ಟಿರಲೂಬಹುದು. ಇಲ್ಲಿನ ಎಷ್ಟೋ ಮನೆಗಳಲ್ಲಿ ಬೀದಿಗೆ ಕನ್ನಡ, ಒಲೆಯ ಮುಂದೆ ತೆಲುಗು. ಅಂಥ ಮನೆಯ ಮಗುವಿಗೆ ನಾಗವಲ್ಲಿ ಆಡಿದ್ದು ಅಜ್ಜಿ ಊಟಕ್ಕೆ ಕರೆಯುವ ಭಾಷೆಯನ್ನೇ! ದೆವ್ವದ ಭಾಷೆ ಎಂಬುದೊಂದಿಲ್ಲ, ಅದು ನೋಡುವವರು ಎಲ್ಲಿದ್ದಾರೆ ಎಂಬುದನ್ನು ನೋಡಿ ಬರೆದದ್ದು ಎಂದು ಮಕ್ಕಳಿಗೆ ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಇಷ್ಟಕ್ಕೂ ಈ ಚಿತ್ರದಲ್ಲಿ ದೆವ್ವವೇ ಇಲ್ಲ! ವಿಷ್ಣುವರ್ಧನ್ ಪಾತ್ರ ಮನೋವೈದ್ಯನದು. ಗಂಗೆಗೆ ಆಗಿರುವುದು ಮನಸ್ಸಿನ ಕಾಯಿಲೆ, ಹಳೆಯ ಕತೆಯೊಂದನ್ನು ಅವಳ ಮನಸ್ಸು ತನ್ನದಾಗಿ ಮಾಡಿಕೊಂಡಿದೆ ಎಂದು ಆತ ಬಿಡಿಸಿ ಹೇಳುತ್ತಾನೆ. ಕೊನೆಗೆ ರಾಜನ ಜಾಗದಲ್ಲಿ ಗೊಂಬೆಯೊಂದನ್ನು ಇಟ್ಟು, ಸೇಡು ತೀರಿತೆಂದು ಅವಳು ನಂಬುವಂತೆ ಮಾಡಿ ಗುಣಪಡಿಸುತ್ತಾನೆ. ನಿಜವಾದ ಚಿಕಿತ್ಸೆ ಇಷ್ಟು ನಾಟಕೀಯವಾಗಿ ಒಂದೇ ರಾತ್ರಿಯಲ್ಲಿ ಮುಗಿಯುವುದಿಲ್ಲ, ನಿಜ. ಆದರೆ ‘ಇದು ದೆವ್ವವಲ್ಲ’ ಎಂದು ಚಿತ್ರವೇ ಹೇಳಿದೆ. ಹಾಗಿದ್ದೂ ಮಕ್ಕಳಿಗೆ ಉಳಿದದ್ದು ಡಾಕ್ಟರ ಮಾತಲ್ಲ, ಮಂಚ ಎತ್ತಿದ ಕೈ. ಯಾಕೆ ಹೀಗೆ?

ಮಗು ಮುಖ ನೋಡುತ್ತದೆ, ಮಾತನ್ನಲ್ಲ

ಈ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಜೋನ್ ಕ್ಯಾಂಟರ್ ಪ್ರಮುಖರು. ಅವರೂ ಕ್ರಿಸ್ಟನ್ ಹ್ಯಾರಿಸನ್ ಅವರೂ ಕಾಲೇಜು ವಿದ್ಯಾರ್ಥಿಗಳನ್ನು ವಿಚಾರಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 90ರಷ್ಟು ಮಂದಿ ಚಿಕ್ಕಂದಿನಲ್ಲೋ ಹದಿಹರೆಯದಲ್ಲೋ ಸಿನಿಮಾ, ಟಿ.ವಿ. ನೋಡಿ ಹೆದರಿದ್ದನ್ನು ಹೇಳಿಕೊಂಡರು. ಸುಮಾರು ಶೇ. 26ರಷ್ಟು ಮಂದಿಗೆ ದೊಡ್ಡವರಾದ ಮೇಲೂ ಆ ಅಳುಕು ಪೂರ್ತಿ ಹೋಗಿರಲಿಲ್ಲ. ಆದ್ದರಿಂದ ಹೆದರುವ ಮಗು ಪುಕ್ಕಲು ಮಗುವಲ್ಲ; ಎಲ್ಲರಂಥದೇ ಮಗು.

ಕ್ಯಾಂಟರ್ ಅವರ ಇನ್ನೊಂದು ಅಧ್ಯಯನ 1980ರ ದಶಕದ್ದು. ಆಗ ಅಮೆರಿಕದ ಟಿ.ವಿ.ಯಲ್ಲಿ ‘ಹಲ್ಕ್’ ಧಾರಾವಾಹಿ ಜನಪ್ರಿಯವಾಗಿತ್ತು. ಸೌಮ್ಯ ಮನುಷ್ಯನೊಬ್ಬ ಸಿಟ್ಟು ಬಂದಾಗ ಹಸಿರು ದೈತ್ಯನಾಗಿ ಜನರನ್ನು ಕಾಪಾಡುವ ಕತೆ. ದೊಡ್ಡ ಮಕ್ಕಳಿಗೆ ಹಲ್ಕ್ ಬಂದೊಡನೆ ‘ಇನ್ನು ಚಿಂತೆಯಿಲ್ಲ’ ಎನಿಸುತ್ತಿತ್ತು. ಪುಟ್ಟ ಮಕ್ಕಳು ಹೆಚ್ಚು ಹೆದರಿದ್ದು ಅವನಿಗೇ! ಅವನು ಒಳ್ಳೆಯವನೆಂಬುದು ಕತೆಯ ಮಾತು. ಪುಟ್ಟ ಮಗು ಕತೆ ಕೇಳುವುದಿಲ್ಲ, ಮುಖ ನೋಡುತ್ತದೆ. ಪರಿಚಿತ ಮುಖ ಕಣ್ಣೆದುರೇ ಬದಲಾಗುವುದು ಅದಕ್ಕೆ ಎಲ್ಲಕ್ಕಿಂತ ದೊಡ್ಡ ದಿಗಿಲು.

ಗಂಗೆಯ ವಿಷಯದಲ್ಲಿ ಆಗುವುದೂ ಇದೇ. ಅವಳು ಅಕ್ಕನಂತೆ, ಚಿಕ್ಕಮ್ಮನಂತೆ ನಗುತ್ತಿದ್ದವಳು. ಅವಳೇ ಬದಲಾದರೆ, ನಾಳೆ ಅಮ್ಮ ಬದಲಾಗುವುದಿಲ್ಲವೆಂದು ಏನು ಖಾತ್ರಿ? ಎಂಟು ಹತ್ತು ವರ್ಷ ದಾಟಿದ ಮೇಲೆ ಹೆದರಿಕೆಯ ಬಗೆ ಬೇರೆಯಾಗುತ್ತದೆ. ಆಗ ರೂಪಕ್ಕಿಂತ ‘ಇದು ನಿಜವಾಗಿ ನಡೆಯಬಹುದೆ?’ ಎಂಬ ಯೋಚನೆ ಕಾಡುತ್ತದೆ. ಜಕ್ಕೂರಿನ ವಿಮಾನದ ಸುದ್ದಿ ಈ ವಯಸ್ಸಿನವರನ್ನು ಹಿಡಿಯಿತು. ಮಂಚ ಎತ್ತಿದ ದೃಶ್ಯ ಕಿರಿಯರನ್ನು ಹಿಡಿಯಿತು. ಒಂದೇ ಮನೆಯ ಅಕ್ಕ ತಮ್ಮ ಒಂದೇ ಚಿತ್ರಕ್ಕೆ ಎರಡು ಬೇರೆ ಕಾರಣಗಳಿಗಾಗಿ ಹೆದರಿದರೆ ಅಚ್ಚರಿಯಿಲ್ಲ.

ಬಾಗಿಲ ಮೇಲಿನ ಬರಹ

ಅಪ್ಪ ಅಮ್ಮಂದಿರೇನೂ ಕಡಿಮೆಯವರಲ್ಲ. ಅವರ ಬಾಲ್ಯದಲ್ಲಿ ‘ನಾ ನಿನ್ನ ಬಿಡಲಾರೆ’ (1979) ಇತ್ತು. ಅನಂತನಾಗ್ ಅವರ ಮೈಮೇಲೆ ಹೆಣ್ಣಿನ ಪ್ರೇತ ಬರುವ ಆ ಚಿತ್ರ ದೂರದರ್ಶನದಲ್ಲಿ ಬಂದರೆ ಮರುದಿನ ತರಗತಿಯಲ್ಲೆಲ್ಲ ಅದೇ ಮಾತು. ಪುಟ್ಟ ಹುಡುಗಿಯ ಮೇಲೆ ಮಾಟ ಮಾಡಿಸುವ ‘ತುಳಸೀದಳ’ 1985ರದು. ಉಪೇಂದ್ರ ಅವರ ‘ಶ್!’ 1993ರದು. ನೋಡಿ ಬಂದು ಜ್ವರ ಹಿಡಿದರೆ ಅಜ್ಜಿ ಉಪ್ಪು ಮೆಣಸಿನಕಾಯಿ ನೀವಾಳಿಸಿ ದೃಷ್ಟಿ ತೆಗೆಯುತ್ತಿದ್ದರು, ಅಂತ್ರ ಕಟ್ಟಿಸುತ್ತಿದ್ದರು.

ಆದರೆ ಆ ತಲೆಮಾರನ್ನು ನಿಜಕ್ಕೂ ನಡುಗಿಸಿದ್ದು ಸಿನಿಮಾ ಅಲ್ಲ, ಒಂದು ಗಾಳಿಸುದ್ದಿ. 1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ರಾತ್ರಿ ಹೆಣ್ಣು ದೆವ್ವವೊಂದು ಬಂದು, ಮನೆಯವರದೇ ದನಿಯಲ್ಲಿ ಕರೆದು ಬಾಗಿಲು ಬಡಿಯುತ್ತದೆಂಬ ಸುದ್ದಿ ಹಬ್ಬಿತು. ಬಾಗಿಲು ತೆರೆದವರು ಉಳಿಯುವುದಿಲ್ಲವಂತೆ! ಜನ ಬಾಗಿಲ ಮೇಲೆ, ಗೋಡೆಯ ಮೇಲೆ ‘ನಾಳೆ ಬಾ’ ಎಂದು ಬರೆದರು. ದೆವ್ವ ಓದಿಕೊಂಡು ಹಿಂದೆ ಹೋಗುತ್ತದೆ, ಮರುರಾತ್ರಿ ಬಂದು ಮತ್ತೆ ಅದನ್ನೇ ಓದುತ್ತದೆ ಎಂಬುದು ಲೆಕ್ಕಾಚಾರ. ಅಂತೂ ಕನ್ನಡ ಓದಲು ಬರುವ, ಹೇಳಿದ ಮಾತು ಕೇಳುವ ದೆವ್ವ!

ಅಲ್ಲಿ ಸಿನಿಮಾ ಇರಲಿಲ್ಲ, ನಟಿ ಇರಲಿಲ್ಲ, ಸಂಗೀತವೂ ಇರಲಿಲ್ಲ. ಇದ್ದದ್ದು ‘ಅಂತೆ’ ಎಂಬ ಎರಡಕ್ಷರ ಮಾತ್ರ. ಮಗುವನ್ನು ಹೆಚ್ಚು ಹೆದರಿಸಿದ್ದು ಕೂಡ ದೆವ್ವವಲ್ಲ. ಸೀಮೆಸುಣ್ಣ ಹಿಡಿದು ಬಾಗಿಲ ಮುಂದೆ ನಿಂತ ಅಪ್ಪ. ‘ಅಪ್ಪನೇ ಬರೆಯುತ್ತಿದ್ದಾರೆ ಎಂದ ಮೇಲೆ ನಿಜವೇ ಇರಬೇಕು’ ಎಂದು ಅದು ತೀರ್ಮಾನಿಸಿತು. ಅದೇ ಸುದ್ದಿಯಿಂದ ಎಳೆ ಹಿಡಿದ ಹಿಂದಿ ಚಿತ್ರ ‘ಸ್ತ್ರೀ’ 2018ರಲ್ಲಿ ಬಂದು ದೇಶವನ್ನೇ ನಗಿಸಿತು. ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ದೆವ್ವ ಹಾಸ್ಯವಾಯಿತು!

ಮನೆಯವರು ಮಾಡಬಹುದಾದದ್ದು

ಮೊದಲೆಲ್ಲ ಹೆದರಬೇಕಾದರೆ ಟಿಕೆಟ್ ಕೊಳ್ಳಬೇಕಿತ್ತು. ಈಗ ಹೆದರಿಕೆ ಜೇಬಿನಲ್ಲೇ ಬರುತ್ತದೆ. 2018ರಲ್ಲಿ ‘ದಿ ನನ್’ ಚಿತ್ರದ ಜಾಹೀರಾತೊಂದು ಯೂಟ್ಯೂಬಿನಲ್ಲಿ ಹೇಳದೆ ಕೇಳದೆ ನುಗ್ಗಿ ಬೆಚ್ಚಿಬೀಳಿಸುತ್ತಿತ್ತು. ದೂರು ಬಂದ ಮೇಲೆ ಯೂಟ್ಯೂಬ್ ಅದನ್ನು ತೆಗೆದುಹಾಕಿತು. ಮೊಬೈಲಿನಲ್ಲಿ ಮಕ್ಕಳಿಗೆ ಸಿಗುವುದು ಚಿತ್ರದ ಹೆದರಿಸುವ ತುಣುಕು ಮಾತ್ರ. ಡಾಕ್ಟರು ಬಂದು ವಿವರಿಸುವ ಭಾಗ ಸಿಗುವುದೇ ಇಲ್ಲ. ಆ ಉಳಿದರ್ಧವನ್ನು ತುಂಬಿಕೊಡುವುದು ಮನೆಯವರ ಪಾಲಿಗೆ ಬಿದ್ದಿದೆ.

ಮೊದಲನೆಯದು ಆಯ್ಕೆ. 2024ರ ನಿಯಮಗಳ ಪ್ರಕಾರ ಚಿತ್ರಗಳ ಯು/ಎ ಪ್ರಮಾಣಪತ್ರವನ್ನು 7, 13 ಮತ್ತು 16 ವರ್ಷ ಮೇಲ್ಪಟ್ಟವರಿಗೆ ಎಂದು ಮೂರು ಬಗೆಯಾಗಿ ಒಡೆಯಲಾಗಿದೆ. ಇದು ತಂದೆತಾಯಿಗಳಿಗೆ ಮಾರ್ಗಸೂಚಿ. ‘ಎ’ ಪ್ರಮಾಣಪತ್ರವಿದ್ದರೆ ಮಾತ್ರ ಹದಿನೆಂಟರೊಳಗಿನವರಿಗೆ ಪ್ರವೇಶವೇ ಇಲ್ಲ. ಬಳ್ಳಾರಿ ರಸ್ತೆಯ ಮಾಲ್ ಇರಲಿ, ಯಶವಂತಪುರದ ಚಿತ್ರಮಂದಿರ ಇರಲಿ, ಟಿಕೆಟ್ ಕೊಳ್ಳುವ ಮೊದಲು ಆ ಅಂಕಿಯನ್ನು ನೋಡಿದರೆ ಅರ್ಧ ರಾತ್ರಿಯ ಅಳು ತಪ್ಪೀತು. ಒಟಿಟಿ ವೇದಿಕೆಗಳಲ್ಲೂ ಇಂಥ ವಯಸ್ಸಿನ ಗುರುತು, ಬೀಗ ಹಾಕುವ ಸೌಲಭ್ಯ ಇವೆ.

ಎರಡನೆಯದು, ಹೆದರಿದ ಮೇಲಿನ ಮಾತು. ಏಳರೊಳಗಿನ ಮಗುವಿಗೆ ‘ಅದೆಲ್ಲ ಸುಳ್ಳು’ ಎಂಬ ವಾದ ತಟ್ಟುವುದಿಲ್ಲ. ಅದಕ್ಕೆ ಬೇಕಾದದ್ದು ತೊಡೆ, ಒಂದು ಲೋಟ ನೀರು, ಹಾಲ್‌ನಲ್ಲಿ ಉರಿಯುವ ಸಣ್ಣ ದೀಪ, ಪಕ್ಕದಲ್ಲೊಬ್ಬರು. ದೊಡ್ಡ ಮಕ್ಕಳಿಗೆ ವಿವರಣೆ ಬೇಕು. ಹೆದರಿಸಿದ ದೃಶ್ಯವನ್ನು ಹಗಲು ಹೊತ್ತು, ಜೊತೆಯಲ್ಲಿ ಕೂತು, ಸದ್ದು ಪೂರ್ತಿ ನಿಲ್ಲಿಸಿ ನೋಡಿ. ಅರ್ಧ ದೆವ್ವ ಅಲ್ಲೇ ಮಾಯವಾಗುತ್ತದೆ! ಮೊದಲು ಮೌನ, ಆಮೇಲೆ ಥಟ್ಟನೆ ದೊಡ್ಡ ಸದ್ದು. ಬೆಚ್ಚುವುದು ದೇಹದ ಸಹಜ ಗುಣ. ಅದು ಹೇಡಿತನವಲ್ಲ.

ಮೂರನೆಯದು, ಮಾಡಬಾರದ್ದು. ಅನ್ನ ತಿನ್ನಿಸಲು ಗುಮ್ಮನನ್ನು ಕರೆಯುವುದು ಹಳೆಯ ರೂಢಿ. ಪುರಂದರದಾಸರ ಕೀರ್ತನೆಯಲ್ಲಿ ಬಾಲಕೃಷ್ಣನೂ ಗುಮ್ಮನಿಗೆ ಹೆದರುತ್ತಾನೆ. ಹಾಡಿನಲ್ಲಿ ಅದು ಚೆನ್ನ. ಮನೆಯಲ್ಲಿ ‘ನಾಗವಲ್ಲಿ ಬರ್ತಾಳೆ ನೋಡು’ ಎಂದು ಅಮ್ಮನೇ ಹೇಳಿದರೆ ಮಗುವಿಗೆ ಓಡಿಹೋಗಲು ಇನ್ನೊಂದು ಮಡಿಲಿರುವುದಿಲ್ಲ. ಹಾಗೆಯೇ ತಮ್ಮ ತಂಗಿಯರನ್ನು ಕತ್ತಲಲ್ಲಿ ಬೆಚ್ಚಿಬೀಳಿಸುವ ಅಣ್ಣ ಅಕ್ಕಂದಿರೂ, ‘ಅಂತೆ’ ಸುದ್ದಿಯನ್ನು ನಾಲ್ಕು ಗುಂಪಿಗೆ ಕಳಿಸುವ ದೊಡ್ಡವರೂ ಒಂದು ಕ್ಷಣ ಯೋಚಿಸಲಿ. ಹೆದರಿಕೆ ವಾರಗಟ್ಟಲೆ ಇಳಿಯದೆ ನಿದ್ದೆ, ಊಟ, ಶಾಲೆಗೆ ಅಡ್ಡಿಯಾದರೆ ವೈದ್ಯರಿಗೆ ತೋರಿಸುವುದೇ ಸರಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಇಂಥದಕ್ಕೇ ಇದೆ. ನಿಮ್ಹಾನ್ಸ್ ಅದರ ಕೇಂದ್ರಸಂಸ್ಥೆ.

ಕೊನೆಯದಾಗಿ, ನಾಗವಲ್ಲಿಗೆ ಹೆದರಿದವರಿಗೆ ಒಂದು ಸಲಹೆ: ಅದೇ ಸೌಂದರ್ಯ ಅವರನ್ನು ಇನ್ನೊಂದು ಚಿತ್ರದಲ್ಲಿ ನೋಡಿ. ಮುಳಬಾಗಿಲಿನಲ್ಲಿ ಹುಟ್ಟಿ, ವೈದ್ಯಕೀಯ ಓದುತ್ತಿದ್ದಾಗ ಸಿನಿಮಾಕ್ಕೆ ಬಂದ ಅವರು ಟಿ.ವಿ.ಯಲ್ಲಿ ಮತ್ತೆ ಮತ್ತೆ ಬರುವ ‘ಸೂರ್ಯವಂಶಂ’ನ ನಾಯಕಿಯೂ ಹೌದು. ನಾ. ಡಿಸೋಜ ಅವರ ಕಾದಂಬರಿಯನ್ನು ಆಧರಿಸಿ ಗಿರೀಶ ಕಾಸರವಳ್ಳಿ ನಿರ್ದೇಶಿಸಿದ ‘ದ್ವೀಪ’ವನ್ನು ಅವರೇ ನಿರ್ಮಿಸಿದರು, ಅದು ಸ್ವರ್ಣಕಮಲ ಪಡೆಯಿತು. ಅದರಲ್ಲಿ ಅವರ ಗಂಡನಾಗಿ ನಟಿಸಿದ್ದು ‘ಆಪ್ತಮಿತ್ರ’ದಲ್ಲಿ ಆಚಾರ್ಯರಾಗಿದ್ದ ಅದೇ ಅವಿನಾಶ್. ಅಣೆಕಟ್ಟಿನ ನೀರು ಏರುತ್ತಿದೆ, ನೆರೆಯವರೆಲ್ಲ ಊರು ಬಿಟ್ಟಿದ್ದಾರೆ. ಎಲ್ಲರ ಕೈ ಸೋತಾಗಲೂ ಎದೆಗುಂದದೆ ನಿಲ್ಲುವವಳು ಒಬ್ಬಳೇ. ಅವಳ ಹೆಸರು ನಾಗಿ.

ನಾಗವಲ್ಲಿಯ ಮುಖವನ್ನು ಮರೆಯಲಾಗದ ಮಗುವಿಗೆ ನಾಗಿಯ ಮುಖವನ್ನೂ ತೋರಿಸಬೇಕು.